ನಮ್ಮ ಪಾಲಿನ ಕನ್ನಡ

ಸಂಘದ ಸಾಹಿತ್ಯ ಸಮಾವೇಶದ ಸ್ಮರಣ ಸಂಚಿಕೆಗಾಗಿ ನಮ್ಮ ಕಲಿಕೆಯ ವರ್ಷವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಕೇಳಿದಾಗ ನಾವು ಮೊದಲು ಹಿಂಜರಿದೆವು. ನಾವು ಸಾಹಿತಿಗಳಲ್ಲ. ಕಳೆದ ವರ್ಷದ ಯುಗಾದಿಯವರೆಗೆ ನಮ್ಮಲ್ಲಿ ಯಾರಿಗೂ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಮಾತು ಬಂದಂದಿನಿಂದ ನಾವು ಮನೆಯಲ್ಲಿ ಆಡುತ್ತ ಬಂದಿರುವುದು ಕನ್ನಡವನ್ನೇ. ಈ ಅಂತರವನ್ನು ದಾಟಲು ನಾವು ಮಾಡಿದ ಪ್ರಯತ್ನವೂ, ಆ ಹಾದಿಯಲ್ಲಿ ನಮ್ಮಿಂದಾದ ಒಂದು ತಪ್ಪೂ ಈ ಬರಹದ ವಿಷಯ.

ನಾವು ಐವರು. ಇಬ್ಬರು ದಿಂಡಿಗಲ್ಲಿಗೆ ಸಮೀಪದ ಚಿನ್ನಾಳಪಟ್ಟಿಯ ದೇವಾಂಗ ನೇಕಾರ ಮನೆತನದವರು. ಇಬ್ಬರು ಕಂಬಂ ಕಣಿವೆಯ ಒಕ್ಕಲು ಮನೆತನದವರು. ಇನ್ನೊಬ್ಬರು ತೇನಿಯಲ್ಲಿ ನೆಲೆಸಿ, ಏಲಕ್ಕಿ ಮಂಡಿಯೊಂದರ ಲೆಕ್ಕ ಬರೆಯುವವರು. ಹದಿನೈದು ದಿನಕ್ಕೊಮ್ಮೆ ಭಾನುವಾರದಂದು ಚಿನ್ನಾಳಪಟ್ಟಿಯವರು ಸೆಂಬಟ್ಟಿ, ವತ್ತಲಗುಂಡು, ಪೆರಿಯಕುಳಂಗಳನ್ನು ದಾಟಿ ಬಸ್ಸಿನಲ್ಲಿ ಬರುವರು. ಕಂಬಂನವರು ಉತ್ತಮಪಾಳೆಯಂ, ಚಿನ್ನಮನೂರುಗಳ ಮೇಲೆ ಇಳಿದು ಬರುವರು. ತೇನಿಯ ಮನೆಯ ಮಹಡಿಯೇ ನಮ್ಮ ಪಾಠಶಾಲೆ. ಬೆಂಗಳೂರಿನ ಬಂಧುಗಳು ಕಳುಹಿಸಿದ ಒಂದನೆಯ ತರಗತಿಯ ಪಠ್ಯಪುಸ್ತಕವೇ ನಮ್ಮ ಗುರು.

ಈ ಸೀಮೆಯಲ್ಲಿ ಕನ್ನಡವೆಂದರೆ ಹೊರಗಿನವರು ಅಚ್ಚರಿಪಡುವುದುಂಟು. ಕ್ರಿ.ಶ. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸಿತು, ನಮ್ಮ ವೈಗೈ, ಸುರುಳಿಯಾರುಗಳು ಆ ಎಲ್ಲೆಯಿಂದ ಬಹುದೂರ ತೆಂಕಲಿಗಿವೆ. ಆದರೂ ಕಾಪ್ಪಿಲಿಯರು, ಅನುಪ್ಪರು, ದೇವಾಂಗರು ಮುಂತಾದ ಕನ್ನಡ ಮನೆಮಾತಿನವರು ಇಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಎಡ್ಗರ್ ಥರ್ಸ್ಟನ್ನರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಕಾಪ್ಪಿಲಿಯರ ಹಾಗೂ ಅನುಪ್ಪರ ಕನ್ನಡ ಮಾತಿನ ಉಲ್ಲೇಖವಿದೆ. 1755ರಲ್ಲಿ ಹೈದರಾಲಿಯು ಫೌಜುದಾರನಾಗಿ ದಿಂಡಿಗಲ್ಲಿಗೆ ಬಂದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಆ ಸೀಮೆ ಮೈಸೂರಿನ ಕೈಬಿಟ್ಟು ಕಂಪನಿಯ ವಶವಾಯಿತು. ನಮ್ಮ ಹಿರಿಯರು ಅದಕ್ಕಿಂತಲೂ ಹಿಂದೆಯೇ ದನಕರುಗಳೊಡನೆ ಇಳಿದು ಬಂದವರೆಂದು ಮನೆಯ ಹಿರಿಯರ ಮಾತು. ಕಂಬಂನ ನಂದಗೋಪಾಲಸ್ವಾಮಿಯ ತೊಳುವಿನಲ್ಲಿ ದೇವರ ದನಗಳನ್ನು ಇಂದಿಗೂ ಸಾಕುತ್ತಾರೆ. ಮಾಟ್ಟುಪ್ಪೊಂಗಲಿನ ದಿನ ಅವುಗಳ ದರ್ಶನಕ್ಕೆ ಜನ ನೆರೆಯುತ್ತದೆ.

2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 12 ಲಕ್ಷಕ್ಕೂ ಹೆಚ್ಚು. ಆದರೆ ನಾವು ಕಲಿತ ಶಾಲೆಗಳಲ್ಲಿ ಕನ್ನಡವಿರಲಿಲ್ಲ. ತಮಿಳು ನಮಗೆ ವಿದ್ಯೆ ಕೊಟ್ಟಿತು, ಅನ್ನ ಕೊಟ್ಟಿತು. ಅದರ ಋಣವನ್ನು ಮರೆಯಲಾರೆವು. ಕನ್ನಡ ಮಾತ್ರ ಅಡಿಗೆಮನೆ, ಕೊಟ್ಟಿಗೆ, ಮಗ್ಗದ ಕುಣಿ, ದೇವರ ಕೋಣೆಗಳಲ್ಲಿಯೇ ಉಳಿಯಿತು. ಒರಳು, ಒನಕೆ, ಕಡೆಗೋಲುಗಳಿಗೆ ನಮ್ಮಲ್ಲಿ ಕನ್ನಡವಿತ್ತು. ಶಾಲೆ, ಪರೀಕ್ಷೆ, ವಾಕ್ಯ, ಅರ್ಥ ಎನ್ನಬೇಕಾದೆಡೆ ನಾಲಗೆ ತಾನಾಗಿ ತಮಿಳಿಗೆ ಹೊರಳುತ್ತಿತ್ತು. ನಮ್ಮ ಮಕ್ಕಳ ಕಾಲಕ್ಕೆ ಅಡಿಗೆಮನೆಯ ಕನ್ನಡವೂ ತೆಳುವಾಗುತ್ತ ಬಂದುದನ್ನು ಕಂಡೇ ನಾವು ಈ ಕಲಿಕೆಗೆ ಕೈಹಾಕಿದೆವು.

ಮೊದಲ ಮೂರು ತಿಂಗಳು ಅಕ್ಷರಾಭ್ಯಾಸ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು. ತಮಿಳಿನಲ್ಲಿ ಅಕ್ಷರದ ನೆತ್ತಿಯ ಮೇಲೆ ಚುಕ್ಕಿಯಿಟ್ಟರೆ ಸ್ವರ ಕಳೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿದು ಕೂರುತ್ತದೆ. 49 ಅಕ್ಷರಗಳ ಪಟ್ಟಿಯನ್ನು ಕಂಡು ನಡುವಯಸ್ಸಿನ ನಮಗೆ ಬೆವರಿಳಿಯಿತು. ಕೈಗೆ ಆ ದುಂಡುತನ ಒಗ್ಗಲೆಂದು ಚಿನ್ನಾಳಪಟ್ಟಿಯವರು ಒಂದು ಉಪಾಯ ಕಂಡರು: ಬಟ್ಟೆಯ ತುಂಡಿನ ಮೇಲೆ ಅಕ್ಷರಗಳನ್ನು ಸೂಜಿಯಿಂದ ಹೊಲಿಯುವುದು. ಮೊದಲು ಕಸೂತಿಯನ್ನು ಪ್ರಯತ್ನಿಸಿದೆವು. ಎಳೆ ಎಣಿಸಿ ನೇರ ಗೆರೆಯಲ್ಲಿ ಸಾಗುವ ಕಸೂತಿಗೆ ಕನ್ನಡದ ಬಾಗು ಬಳುಕುಗಳು ದಕ್ಕಲಿಲ್ಲ. ಕಡೆಗೆ ಸರಪಳಿ ಹೊಲಿಗೆಯಲ್ಲಿ ಅ ಆ ಇ ಈಗಳು ಮೂಡಿದವು. ಒಂದಕ್ಷರವನ್ನು ಹೊಲಿಯಲು ಕಾಲು ಗಂಟೆ ಹಿಡಿಯುತ್ತಿದ್ದುದರಿಂದ ಅದು ಮರೆತುಹೋಗುತ್ತಿರಲಿಲ್ಲ.

ಓದತೊಡಗಿದ ಮೇಲೆ ಸಣ್ಣಪುಟ್ಟ ಬೆರಗುಗಳು ಎದುರಾದವು. ತಮಿಳಿನಲ್ಲಿ ‘ನೂಲ್’ ಎಂದರೆ ದಾರವೂ ಹೌದು, ಪುಸ್ತಕವೂ ಹೌದು. ಪವಣಂದಿಯ ‘ನನ್ನೂಲ್’ ಎಂಬ ವ್ಯಾಕರಣದ ಹೆಸರಿನಲ್ಲಿರುವುದು ಇದೇ ಪದ. ಕನ್ನಡದ ನೂಲು ದಾರವಾಗಿಯೇ ಉಳಿದಿದೆ. ಆದರೆ ಮಗ್ಗದ ಮೇಲೆ ನಾವು ನಿತ್ಯವೂ ಕಾಣುವ ಹಾಸು ಹೊಕ್ಕುಗಳೆರಡೂ ಸೇರಿ ‘ಹಾಸುಹೊಕ್ಕು’ ಎಂಬ ಪದವಾಗಿ ಕನ್ನಡ ಗ್ರಂಥಗಳ ತುಂಬ ಓಡಾಡುತ್ತಿರುವುದನ್ನು ಕಂಡಾಗ, ನಮ್ಮ ನೇಕಾರ ಗೆಳತಿಯರು ಹೆಮ್ಮೆಯಿಂದ ತಲೆಯೆತ್ತಿದರು. ದೇವಾಂಗರು ತಮ್ಮ ಹಿರಿಯನೆಂದು ನಂಬುವ ದೇವರ ದಾಸಿಮಯ್ಯನ ವಚನಗಳನ್ನು ಅವರು ಮೊತ್ತಮೊದಲಿಗೆ ತಮ್ಮ ಕಣ್ಣಿನಿಂದಲೇ ಓದಿದ ದಿನ, ‘ರಾಮನಾಥ’ ಎಂಬ ಅಂಕಿತ ಬಂದಲ್ಲೆಲ್ಲ ಬೆರಳಿಟ್ಟು ನಿಂತರು.

ನಮ್ಮ ತಮಿಳೂ ಸಹಾಯಕ್ಕೆ ಬಂದಿತು. ಮಳೆ, ಕೋಳಿ, ಬಾಳೆ, ಏಳು ಎಂಬೆಡೆಗಳಲ್ಲಿ ಹಳಗನ್ನಡಕ್ಕೆ ೞಕಾರವಿತ್ತು; ಮುಂದೆ ಅದು ಬಳಕೆಯಿಂದ ಮರೆಯಾಗಿ ಳಕಾರದಲ್ಲಿ ಬೆರೆಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿಯೇ ಕೊಡಬೇಕಾಯಿತು. ತಮಿಳು ಆ ಧ್ವನಿಯನ್ನು ಇಂದಿಗೂ ಕಾಪಾಡಿಕೊಂಡಿರುವುದರಿಂದ, ಯಾವ ಳಕಾರದ ಹಿಂದೆ ೞಕಾರವಿತ್ತೆಂಬುದನ್ನು ನಾವು ಪಟ್ಟಿಯಿಲ್ಲದೆಯೇ ಬಹುಮಟ್ಟಿಗೆ ಹೇಳಬಲ್ಲವರಾಗಿದ್ದೆವು.

ಇಷ್ಟರಲ್ಲಿ ನಮಗೆ ಸ್ವಲ್ಪ ಅಹಂಕಾರವೂ ಬಂದಿರಬೇಕು. ತಿಂಗಳಿಗೊಮ್ಮೆ ನಮ್ಮ ಪಾಠ ಕಂಬಂನ ಮನೆಯಲ್ಲಿ ನಡೆಯುತ್ತಿತ್ತು. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ನಾವೆಲ್ಲರೂ ಅವರನ್ನು ಅವ್ವ ಎಂದೇ ಕರೆಯುವುದು. ಅಕ್ಷರವರಿಯದ ಅವರು ಆಡುವಷ್ಟು ತುಂಬಿದ ಕನ್ನಡವನ್ನು ನಮ್ಮ ನಂಟರಿಷ್ಟರಲ್ಲಿ ಇನ್ನಾರೂ ಆಡರು. ಆಷಾಢದ ಒಂದು ಸಂಜೆ ಅವರು ಒಲೆಯ ಮುಂದಿನಿಂದ ಕೂಗಿದರು: “ಆಲು ಉಕ್ತದೆ, ನೋಡು ಮಗಾ.”

ನಾವು ನಕ್ಕೆವು. “ಅವ್ವಾ, ಆಲು ಅಲ್ಲ, ಹಾಲು. ಆಲ ಅಂದರೆ ಮರ” ಎಂದು ಪುಸ್ತಕ ತೆರೆದು ಹಕಾರವನ್ನು ತೋರಿಸಿದೆವು. ಅಷ್ಟಕ್ಕೇ ನಿಲ್ಲದೆ, ಓಗು ಅಲ್ಲ ಹೋಗು, ಊವು ಅಲ್ಲ ಹೂವು ಎಂದು ಪಾಠವನ್ನೇ ಮಾಡಿದೆವು. ಅವ್ವ ಪುಸ್ತಕವನ್ನು ನೋಡಿದರು, ನಮ್ಮನ್ನು ನೋಡಿದರು. ಬಳಿಕ ತಮಿಳಿನಲ್ಲಿ, “ಸರಿ, ಪಾಲ್ ಪೊಂಗುದು” ಎಂದು ತಾವೇ ಎದ್ದು ಪಾತ್ರೆಯನ್ನು ಇಳಿಸಿದರು.

ಅಂದಿನಿಂದ ಅವ್ವ ನಮ್ಮೊಡನೆ ಕನ್ನಡ ಆಡಲಿಲ್ಲ. ಸಿಟ್ಟು ಮಾಡಿದರೆಂದಲ್ಲ, ಕಾಪಿ ಕೊಟ್ಟರು, ಊಟಕ್ಕೆ ಕರೆದರು, ಎಲ್ಲವನ್ನೂ ತಮಿಳಿನಲ್ಲಿ. ದನಕ್ಕೂ ಸೊಸೆಗೂ ಕನ್ನಡ, ನಮಗೆ ಮಾತ್ರ ತಮಿಳು. ಓದಿದವರ ಮುಂದೆ ತಮ್ಮ ಮಾತು ತಪ್ಪೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಕನ್ನಡವನ್ನು ಉಳಿಸಲೆಂದು ಹೊರಟ ನಾವು, ಅದು ಇನ್ನೂ ಜೀವಂತವಾಗಿದ್ದ ಒಂದೇ ಬಾಯನ್ನು ಮುಚ್ಚಿಸಿದ್ದೆವು.

ನಮ್ಮ ತಪ್ಪಿನ ಅಳತೆ ತಿಳಿದದ್ದು ತಿಂಗಳೆರಡು ಕಳೆದು, ವ್ಯಾಕರಣದ ಪುಸ್ತಕವೊಂದನ್ನು ಓದುವಾಗ. ಹಳಗನ್ನಡದಲ್ಲಿ ಅದು ‘ಪಾಲ್’. ಪಕಾರ ಹಕಾರವಾಗಿ ನಡುಗನ್ನಡದಲ್ಲಿ ‘ಹಾಲು’ ಆಯಿತು. ಹಲವು ಆಡುಮಾತುಗಳಲ್ಲಿ ಆ ಹಕಾರವೂ ಸವೆದು ‘ಆಲು’ ಆಗಿದೆ. ಪುಲಿ ಹುಲಿಯಾದದ್ದು, ಪೂ ಹೂವಾದದ್ದು ಇದೇ ದಾರಿಯಲ್ಲಿ. ಹಳೆಯದೇ ಸರಿಯೆನ್ನುವುದಾದರೆ ನಾವು ಕಲಿತ ‘ಹಾಲು’ ಕೂಡ ತಪ್ಪೇ. ಸಾಗುತ್ತಿರುವ ಒಂದು ದಾರಿಯಲ್ಲಿ ನಾವು ನಡುವೆ ನಿಂತು, ನಮಗಿಂತ ಮುಂದೆ ಹೋದವರನ್ನು ದಾರಿ ತಪ್ಪಿದವರೆಂದು ಕರೆದಿದ್ದೆವು. ಬೇರೆ ಬೇರೆ ನಾಡುಗಳ ದೇಸಿಯನ್ನೆಲ್ಲ ಅರಿಯಹೊರಟರೆ ವಾಸುಕಿಯೂ ಬೇಸರಗೊಳ್ಳುವನೆಂಬ ಅರ್ಥದ ಮಾತನ್ನು ‘ಕವಿರಾಜಮಾರ್ಗ’ಕಾರನೇ ಹೇಳಿದ್ದಾನೆ. ಅದನ್ನು ಓದಿ ತಿಳಿದುಕೊಂಡೆವು. ಆದರೆ ಅವ್ವನ ಬಳಿ ವ್ಯಾಕರಣವನ್ನು ಹೇಳಿ ಕ್ಷಮೆ ಕೇಳುವುದು ಹೇಗೆ?

ದಾರಿ ತೋರಿದ್ದು ದೇವನೂರ ಮಹಾದೇವರ ‘ಒಡಲಾಳ’. ಪಂಜೆಯವರ ಕಥೆಗಳು, ಕಾರಂತರ ‘ಚೋಮನ ದುಡಿ’ ಮುಗಿದ ಮೇಲೆ ನಾವು ಅದನ್ನು ಹಿಡಿದೆವು. ಮೊದಲ ಪುಟಗಳಲ್ಲಿಯೇ ಬೆಚ್ಚಿದೆವು. ಮೈಸೂರು ಸೀಮೆಯ ಹಳ್ಳಿಯ ಆಡುಮಾತು, ಯಾವ ತಿದ್ದುಪಡಿಯೂ ಇಲ್ಲದೆ, ಅಚ್ಚಿನಲ್ಲಿ ಕೂತಿತ್ತು. ಸಾಕವ್ವ ಎಂಬ ಮುದುಕಿ ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಅವಳ ಬಾಯಿಯ ಮಾತು ನಮ್ಮ ಅವ್ವನ ಬಾಯಿಯ ಮಾತಿಗೆ ಎಷ್ಟು ಹತ್ತಿರವಿತ್ತೆಂದರೆ, ಓದುತ್ತಿದ್ದವರು ತಾವಾಗಿಯೇ ಅವ್ವನ ದನಿಯಲ್ಲಿ ಓದತೊಡಗಿದರು. ಅದೇ ಲೇಖಕರು ಅಂಥದೇ ಮಾತಿನಲ್ಲಿ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆಯೆಂದು ಬಳಿಕ ತಿಳಿಯಿತು.

ಮುಂದಿನ ಪಾಠಕ್ಕೆ ಕಂಬಂಗೆ ಹೋದಾಗ, ಅವ್ವ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಜಗಲಿಯಲ್ಲಿಯೇ ಕುಳಿತು ಗಟ್ಟಿಯಾಗಿ ಓದಿದೆವು. ಅವರತ್ತ ತಿರುಗಿ ನೋಡಲಿಲ್ಲ. ಅರ್ಧ ಗಂಟೆ ಓದಿ, ನೀರು ಕುಡಿಯಲೆಂದು ನಿಲ್ಲಿಸಿದೆವು. ಅವ್ವ ತಲೆಯೆತ್ತದೆ ಕೇಳಿದರು:

“ಉಂಜ ಸಿಕ್ತಾ?”

ಎರಡು ತಿಂಗಳ ಮೇಲೆ ಅವರು ನಮ್ಮೊಡನೆ ಆಡಿದ ಮೊದಲ ಕನ್ನಡ ಅದು. ನಮಗಾರಿಗೂ ಒಡನೆಯೇ ಉತ್ತರ ಹೇಳಲಾಗಲಿಲ್ಲ. “ಇನ್ನೂ ಓದಬೇಕು ಅವ್ವಾ” ಎಂದು ಒಬ್ಬರು ಹೇಗೋ ಹೇಳಿದರು. “ಮತ್ತೆ ಓದು” ಎಂದರು ಅವ್ವ.

ಅಲ್ಲಿಂದ ನಮ್ಮ ಕಲಿಕೆಯ ಕ್ರಮವೇ ಬದಲಾಯಿತು. ಅವ್ವ ಹೇಳುವುದು, ನಾವು ಬರೆಯುವುದು. ಪ್ರತಿಯೊಂದು ಪದಕ್ಕೂ ಮೂರು ಸಾಲು: ಮೇಲೆ ಅವ್ವನ ರೂಪ, ಅದರ ಕೆಳಗೆ ಪುಸ್ತಕದ ರೂಪ, ಕೊನೆಗೆ ತಮಿಳು. ವರ್ಷ ಮುಗಿಯುವ ಹೊತ್ತಿಗೆ 412 ಪದಗಳು ಸೇರಿದವು. ಹಾಳೆಗಳನ್ನು ಚಿನ್ನಾಳಪಟ್ಟಿಯ ಮಗ್ಗದಲ್ಲಿ ಉಳಿದ ನೂಲಿನಿಂದಲೇ ಹೊಲಿದು, ಸುಂಗುಡಿ ಸೀರೆಯ ತುಂಡನ್ನು ಹೊದಿಕೆಯಾಗಿಸಿದೆವು. ಹೊದಿಕೆಯ ಮೇಲೆ ಅವ್ವನ ಹೆಸರನ್ನು ಸರಪಳಿ ಹೊಲಿಗೆಯಲ್ಲಿ ಬರೆದಿದ್ದೇವೆ. ಅವರು ಅದರ ಮೇಲೆ ಬೆರಳಾಡಿಸಿ, “ಇದೇನು, ಜಿಲೇಬಿ ಸುತ್ತಿದಂಗೆ ಅದೆ” ಎಂದು ನಕ್ಕರು. ಪುಸ್ತಕದ ಮೊದಲ ಪದ ‘ಆಲು’.

ಮಾಸ್ತಿಯವರ, ಪು.ತಿ.ನ. ಅವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರು ಮನೆಯಾಚೆಗೆ ಕನ್ನಡವನ್ನು ಕಟ್ಟಿದರು. ಮನೆಯೊಳಗಿನ ಕನ್ನಡವನ್ನು ಕಾಗದಕ್ಕೆ ಇಳಿಸುವ ಸಣ್ಣ ಕೆಲಸ ನಮ್ಮ ಪಾಲಿಗೆ ಬಂದಿದೆ. ಅದೂ ಪೂರ್ತಿಯಾಗಿಲ್ಲ. ಅಡಿಗೆ, ದನ, ಮಗ್ಗ, ಬೆಳೆ, ನಂಟಸ್ತಿಕೆ ಎಂಬ ಭಾಗಗಳು ತುಂಬಿವೆ. ಸಾವಿನ ಮನೆಯಲ್ಲಿ ಹೆಂಗಸರು ಅತ್ತು ಹಾಡುವ ಮಾತುಗಳಿಗೆಂದು ಎಂಟು ಪುಟಗಳನ್ನು ಇಟ್ಟಿದ್ದೆವು. ಕೇಳಿದಾಗ ಅವ್ವ ತಲೆಯಾಡಿಸಿದರು. “ಅದನ್ನ ದೀಪ ಅಚ್ಚಿದ ಮನೇಲಿ ಸುಮ್ಮನೆ ಏಳಬಾರ್ದು. ಸಾವಾದಾಗ ಕೇಳುಸ್ಕೊ.”

ಆ ಹಾಡುಗಳನ್ನು ಪೂರ್ತಿಯಾಗಿ ಬಲ್ಲವರು ನಮ್ಮ ಬಳಗದಲ್ಲಿ ಅವ್ವ ಒಬ್ಬರೇ. ಆದ್ದರಿಂದ ಈ ಸಂಚಿಕೆಯನ್ನು ಓದುವ ಕನ್ನಡ ಮನೆಗಳವರಲ್ಲಿ ನಮ್ಮದೊಂದು ಬಿನ್ನಹ: ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಅವು ಬರುತ್ತಿದ್ದರೆ, ಅವರು ಆಡಿದಂತೆಯೇ, ಒಂದಕ್ಷರವನ್ನೂ ತಿದ್ದದೆ ಬರೆದುಕೊಳ್ಳಿರಿ. ಮುಂದಿನ ಸಮಾವೇಶಕ್ಕೆ ನಾವು ನಮ್ಮ ಪುಸ್ತಕವನ್ನು ತರುತ್ತೇವೆ. ಎಂಟು ಪುಟಗಳು ಇನ್ನೂ ಖಾಲಿಯಿವೆ.