ಕೆಂಪು ಕೊರಳಿನ ಅಪ್ಪ

ನಮ್ಮ ಮಗಳು ಹುಟ್ಟಿದ್ದು ಫೆಬ್ರವರಿಯಲ್ಲಿ, ಹಾಸನದಲ್ಲಿ. ನಾನಿದ್ದದ್ದು ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ. ಹೆಂಡತಿ ಹೆರಿಗೆಗೆ ತವರಿಗೆ ಹೊರಟಾಗ "ಡೇಟ್ ಹತ್ತಿರ ಬಂದಾಗ ಬರ್ತೀನಿ" ಅಂದಿದ್ದೆ. ಮಗು ಎರಡು ವಾರ ಮೊದಲೇ ಬಂತು. ಓಡಿ ಹೋಗಿ, ಒಂದು ವಾರ ಇದ್ದು ವಾಪಸ್ ಬಂದೆ. ಇಲ್ಲಿ ಅಪ್ಪಂದಿರಿಗೆ ಆ ಒಂದು ವಾರ ಬಿಟ್ಟು ಇನ್ನೂ 5 ವಾರ ರಜೆ ಸಿಗುತ್ತೆ. ಮಗುವಿಗೆ 6 ತಿಂಗಳು ತುಂಬೋದರೊಳಗೆ ತಗೋಬೇಕು. ಪ್ರಾಜೆಕ್ಟ್ ಮುಗೀಲಿ ಅಂತ ಮುಂದೂಡ್ತಾ ಮೇ ತಿಂಗಳು ಬಂತು. "ಬಾಣಂತನ ನಾವ್ ನೋಡ್ಕೋತೀವಿ, ನೀವು ಆರಾಮಾಗಿರಿ" ಅಂತ ಅತ್ತೆ ಹೇಳಿದ್ದು ನನಗೆ ಅನುಕೂಲವೇ ಆಗಿತ್ತು.

ಒಂದು ಶನಿವಾರ ಪಕ್ಕದ ಮನೆಯ ಪುಟ್ಟಿ ಜಾಮ್ ಬಾಟಲಿಯಲ್ಲಿ ಮೀನು ಹಿಡ್ಕೊಂಡು ಬಂದಳು. ನಮ್ಮ ಹಿತ್ತಿಲ ಆಚೆ ಇರೋ ಕಾಲುವೆಯದ್ದು. ಕಿರುಬೆರಳಿನಷ್ಟುದ್ದ, ಬೆನ್ನ ಮೇಲೆ ಮೂರು ಮುಳ್ಳು, ಕುಂಕುಮ ಬಳಿದ ಹಾಗೆ ಕೆಂಪು ಕೊರಳು. ಡಚ್ಚರು ಸ್ಟೇಕಲ್‌ಬಾರ್ಸ್ ಅಂತಾರೆ, ಇಂಗ್ಲಿಷಿನಲ್ಲಿ ಸ್ಟಿಕಲ್‌ಬ್ಯಾಕ್. ಯುರೋಪಿನ ಕೆರೆ, ಹಳ್ಳಗಳಲ್ಲಿ ತೀರಾ ಸಾಮಾನ್ಯವಾದ ಮೀನು. ಬಾಟಲಿಯಿಂದ ವಾಪಸ್ ನೀರಿಗೆ ಬಿಟ್ಟ ಮೇಲೆ ಅವಳು ದಡದ ಹತ್ತಿರ ಒಂದು ಕಸದ ಗುಪ್ಪೆ ತೋರಿಸಿದಳು. ಅದು ಗೂಡಂತೆ!

ಮೀನಿಗೆ ಗೂಡು? ಚಿಕ್ಕವನಿದ್ದಾಗ ಕೆರೆ ಕೋಡಿಯಲ್ಲಿ ಟವಲ್ ಹಾಸಿ ಮೀನು ಹಿಡಿದವನು ನಾನು. ಇದು ಗೊತ್ತೇ ಇರಲಿಲ್ಲ. ರಾತ್ರಿ ಕೂತು ಓದಿದೆ.

ಗೂಡು ಕಟ್ಟೋದು ಗಂಡು. ಬಾಯಲ್ಲೇ ಮರಳು ತೋಡಿ, ಪಾಚಿ, ಎಲೆ ಚೂರು ತಂದು, ತನ್ನ ಮೂತ್ರಪಿಂಡದಿಂದ ಬರೋ ಅಂಟಿನಿಂದ ಅಂಟಿಸುತ್ತೆ. ಆಮೇಲೆ ಅದರೊಳಗೇ ನುಗ್ಗಿ ಸುರಂಗ ಮಾಡುತ್ತೆ. ಹೊಟ್ಟೆ ತುಂಬಿದ ಹೆಣ್ಣು ಕಂಡರೆ ಅಂಕುಡೊಂಕಾಗಿ ಕುಣಿದು ಕರೆದುಕೊಂಡು ಬರುತ್ತೆ. ಹೆಣ್ಣು ಮೊಟ್ಟೆ ಇಟ್ಟು ಹೊರಟು ಹೋಗುತ್ತೆ, ಅಲ್ಲ, ಗಂಡೇ ಓಡಿಸುತ್ತೆ. ಇನ್ನೊಂದು ಹೆಣ್ಣು ಬಂದರೂ ಇದೇ ಕಥೆ. ಆದರ್ಶ ಪತಿ ಅಂತೂ ಅಲ್ಲ.

ಆದರೆ ಆಮೇಲಿನದು ಪೂರ್ತಿ ಅಪ್ಪನ ಕೆಲಸ. ಗೂಡಿನ ಬಾಯಲ್ಲಿ ನಿಂತು ಪಕ್ಕದ ರೆಕ್ಕೆಗಳಿಂದ ಮೊಟ್ಟೆಗೆ ನೀರು ಬೀಸ್ತಾನೇ ಇರಬೇಕು, ಇಲ್ಲದಿದ್ದರೆ ಆಮ್ಲಜನಕ ಸಾಲದೆ ಸಾಯುತ್ತವೆ. ಮರಿ ಬೆಳೆದಷ್ಟೂ ಬೀಸೋದು ಜಾಸ್ತಿ. ಸುಮಾರು ಒಂದು ವಾರಕ್ಕೆ ಮರಿ ಹೊರಬರುತ್ತವೆ. ದೂರ ಹೋದ ಮರಿಯನ್ನ ಬಾಯಲ್ಲಿ ಎಳೆದುಕೊಂಡು ಬಂದು ಗೂಡಿಗೆ ಉಗುಳುತ್ತೆ.

ಇದನ್ನೆಲ್ಲ ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರಾದ ನಿಕೊ ಟಿನ್‌ಬರ್ಗೆನ್ ಇದೇ ಲೈಡನ್‌ನಲ್ಲಿ ಓದಿ, ಕೆಲಸ ಮಾಡಿದವರು. 1973ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. ಕಿಟಕಿ ಪಕ್ಕದ ಗಾಜಿನ ತೊಟ್ಟಿಯಲ್ಲಿದ್ದ ಗಂಡು ಮೀನುಗಳು, ಹೊರಗೆ ಕೆಂಪು ಅಂಚೆ ವ್ಯಾನ್ ಹೋದಾಗಲೆಲ್ಲ ಆ ಕಡೆ ನುಗ್ತಾ ಇದ್ದವಂತೆ. ಕೆಂಪು ಅಂದರೆ ಇನ್ನೊಂದು ಗಂಡು, ಗೂಡಿಗೆ ಅಪಾಯ! ಮೀನಿನ ಹಾಗೇ ಕಾಣದ ಗೊಂಬೆಗೂ ಕೆಳಗೆ ಕೆಂಪು ಬಳಿದರೆ ಸಾಕು, ಜಗಳಕ್ಕೆ ಬರ್ತಿದ್ದವು.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕಾಲುವೆ ದಡದಲ್ಲಿ ಕೂತೆ. ಮೊಟ್ಟೆ ಕಾಣಲಿಲ್ಲ. ಆ ಕೆಂಪು ಕೊರಳಿನವನು ಮಾತ್ರ ಗೂಡಿನ ಮುಂದೆ ತಲೆ ಬಗ್ಗಿಸಿ ನಿಂತಲ್ಲೇ ರೆಕ್ಕೆ ಬೀಸ್ತಿದ್ದ. ಕಾಫಿ ತಣ್ಣಗಾಯ್ತು. ಅಷ್ಟರಲ್ಲಿ ವಿಡಿಯೋ ಕಾಲ್. ಮಗಳು ಬೋರಲು ಬಿದ್ದಿದ್ದಾಳೆ, ಮೊದಲ ಸಲ. "ಮೂರು ದಿನ ಆಯ್ತು ರೀ. ನೀವು ಮೀಟಿಂಗ್‌ನಲ್ಲಿ ಇದ್ರಲ್ಲ, ಹೇಳೋಕೆ ಮರೆತೇ ಹೋಯ್ತು" ಅಂದಳು ಹೆಂಡತಿ. ಬೇಜಾರಿನಿಂದ ಹೇಳಿದ್ದಲ್ಲ. ಅದೇ ನನಗೆ ಚುಚ್ಚಿದ್ದು.

ಸೋಮವಾರ ರಜೆಗೆ ಬರೆದೆ. ಮ್ಯಾನೇಜರ್ ಒಂದೇ ಸಾಲಿನಲ್ಲಿ ಒಪ್ಪಿದರು. ಮೂರು ತಿಂಗಳಿಂದ ನಾನೇ ಕಲ್ಪಿಸಿಕೊಂಡಿದ್ದ ಅಡ್ಡಿ ಅದು. ಕಾರಣ ಹೇಳಿದಾಗ ಹೆಂಡತಿ ನಕ್ಕಳು: "ನಾನು ಹೇಳಿದ್ರೆ ಕೇಳ್ಲಿಲ್ಲ, ಮೀನು ಹೇಳಿದ್ರೆ ಕೇಳ್ತೀರಾ?"

ಹಾಸನ ಮುಟ್ಟಿದ ದಿನ ಮಗಳು ನನ್ನ ಮುಖ ನೋಡಿ ಕಿಟಾರನೆ ಅತ್ತಳು. ಅಜ್ಜಿ ಎತ್ತಿಕೊಂಡ ಮೇಲೇ ಸುಮ್ಮನಾಗಿದ್ದು. ಒಂದು ವಾರ ಹೀಗೇ ನಡೀತು. ಈಗ ಮೂರನೇ ವಾರ. ರಾತ್ರಿ ಎರಡು ಗಂಟೆ, ನನ್ನ ಸರದಿ. ಕರೆಂಟ್ ಹೋಗಿದೆ, ಸೊಳ್ಳೆ ಬೇರೆ. ಕ್ಯಾಲೆಂಡರಿನ ಮೇ ತಿಂಗಳ ಹಾಳೆ ಹರಿದು, ಮಡಚಿ, ಬೀಸ್ತಾ ಕೂತಿದ್ದೀನಿ. ನಿಲ್ಲಿಸಿದರೆ ಕಣ್ಣು ಬಿಡ್ತಾಳೆ.