ಅಸ್ತ್ರ ಒಲೆಯೂ ಮಂಡಲ ಪಂಚಾಯತಿಯೂ

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿಕೊಂಡರು. ನಮ್ಮೂರಿಗೆ ಆ ಸುದ್ದಿ ಮುಟ್ಟಿಸಿದವರು ಅಡಿಕೆಗೆ ಕೊಳೆ ಔಷಧಿ ಹೊಡೆಯಲು ಬಂದಿದ್ದ ಆಳುಗಳು. ಗಂಡಸರ ಜೊತೆ ಹೆಂಗಸರು, ಮಕ್ಕಳೂ ಇದ್ದರಂತೆ, ಜಿಗಣೆ ಲೆಕ್ಕಿಸದೆ ಹೋದರಂತೆ ಎಂದು ಅವರು ಹೇಳುತ್ತಿದ್ದರೆ ನಾವು ಮೂವರು ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದ್ದೆವು. ಮೂವರೆಂದರೆ ನಾನು, ನನ್ನ ಅತ್ತೆಯ ಮಗಳು ಮತ್ತು ಕೆಳಗಿನ ಕೇರಿಯ ನಮ್ಮ ಗೆಳತಿ. ಒಂದೇ ಹೈಸ್ಕೂಲು, ಒಂದೇ ದಾರಿ. ಮಳೆಗಾಲದಲ್ಲಿ ಎರಡು ಕೊಡೆಯಡಿ ಮೂವರೂ ಹೋಗುತ್ತಿದ್ದೆವು.

ಹಿಮಾಲಯದಲ್ಲಿ ಹೀಗೆಯೇ ಮರ ತಬ್ಬಿ ಕಾಡು ಉಳಿಸಿದ ಚಿಪ್ಕೋ ಚಳವಳಿಯ ಕಥೆಯನ್ನು ಸುಂದರಲಾಲ ಬಹುಗುಣರ ಬಾಯಿಂದಲೇ ಕೇಳಿದವರು ನಮ್ಮ ಸೀಮೆಯಲ್ಲಿದ್ದರು. ಪಾಂಡುರಂಗ ಹೆಗಡೆ ಮತ್ತು ಅವರ ಜೊತೆಗಾರರು ಅದನ್ನು ಇಲ್ಲಿಯ ಕೆಲಸವಾಗಿಸಿದರು. ಅಪ್ಪಿಕೊ ಎಂಬ ಹೆಸರು ಮನೆಮಾತಾಯಿತು. ಸಂಜೆ ಯಾರದ್ದಾದರೂ ಅಂಗಳದಲ್ಲಿ ಪಂಚೆ ಕಟ್ಟಿ ಸ್ಲೈಡ್ ತೋರಿಸುವರು, ಇನ್ನೊಂದು ಊರಲ್ಲಿ ಕಾಡಿನ ಕಥೆಯನ್ನೇ ಯಕ್ಷಗಾನ ಮಾಡಿ ಆಡುವರು. ಪ್ಲೈವುಡ್ಡಿಗೆ ಯಾವ ಮರ ಹೋಗುತ್ತದೆ, ದಾಂಡೇಲಿಯ ಕಾಗದದ ಗಿರಣಿಗೆ ಬಿದಿರು ಎಲ್ಲಿಂದ ಬರುತ್ತದೆ, ಕಾಡು ಸವರಿದ ಜಾಗದಲ್ಲಿ ತೇಗವನ್ನೇ ನೆಟ್ಟರೆ ಹಳ್ಳದ ನೀರು ಯಾಕೆ ಬೇಗ ಬತ್ತುತ್ತದೆ ಎಂಬುದೆಲ್ಲ ನಮಗೆ ಗೊತ್ತಾದದ್ದು ಆ ಅಂಗಳಗಳಲ್ಲಿ. ಉಳಿಸು, ಬೆಳೆಸು, ಬಳಸು ಎಂದು ಗೋಡೆಗಳ ಮೇಲೆ ಬರೆದಿರುತ್ತಿತ್ತು.

ಅಪ್ಪಿಕೊ ಬಗ್ಗೆ ಬರೆದವರು ಹೆಚ್ಚಾಗಿ ಮರ ತಬ್ಬಿದ ಚಿತ್ರದ ಹತ್ತಿರವೇ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಆಪ್ತವಾದದ್ದು ಆಮೇಲೆ ಅಡುಗೆಮನೆಯಲ್ಲಿ ನಡೆದದ್ದು. ಕಾಡು ಉಳಿಯಬೇಕಾದರೆ ಕಟ್ಟಿಗೆಯ ಖರ್ಚು ಇಳಿಯಬೇಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗ ಹಳ್ಳಿಗಳಿಗಾಗಿ ಒಂದು ಮಣ್ಣಿನ ಒಲೆ ರೂಪಿಸಿತ್ತು. ಸಾಲಾಗಿ ಮೂರು ಪಾತ್ರೆ ಕೂರುವ ಗುಳಿ, ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ, ಕಟ್ಟಿಗೆ ಹಾಕುವ ಬಾಯಿಗೊಂದು ಮುಚ್ಚಳ, ಹೊಗೆ ಹೊರಗೆ ಹೋಗಲು ಕೊಳವೆ. ಬೆಂಕಿ ಮೊದಲ ಪಾತ್ರೆಯಡಿ ಉರಿದು, ಅದರ ಬಿಸಿ ಉಳಿದೆರಡರ ಅಡಿಗೆ ಹರಿದು ಹೋಗುತ್ತದೆ. ಅನ್ನ ಬೇಯುವ ಹೊತ್ತಿಗೆ ಹುಳಿಯೂ ಕುದಿದು, ಕೊನೆಯದರಲ್ಲಿ ನೀರು ಕಾದಿರುತ್ತದೆ.

ತರಬೇತಿ ಪಡೆದು ಬಂದವರೊಬ್ಬರು ಊರಲ್ಲಿ ಮೊದಲ ಒಲೆ ಕಟ್ಟುವಾಗ ಅತ್ತೆ ಪಕ್ಕದಲ್ಲೇ ಕೂತು ನೋಡಿದಳು. ಎರಡನೆಯದನ್ನು ತಾನೇ ಕಟ್ಟಿದಳು. ನಾವು ಮೂವರು ಅವಳ ಕೈಯಾಳುಗಳು: ಹುತ್ತದ ಮಣ್ಣು ಹೊತ್ತು ತಂದು, ಭತ್ತದ ಹೊಟ್ಟು, ಸಗಣಿ ಸೇರಿಸಿ ತುಳಿಯುತ್ತಿದ್ದೆವು. ಆ ಒಲೆಗೆ ಮಾರುದ್ದದ ಕುಂಟೆ ಹಿಡಿಯುವುದಿಲ್ಲ, ಸಣ್ಣಗೆ ಸೀಳಿದ ಕಟ್ಟಿಗೆಯೇ ಬೇಕು. ಸೀಳುವುದು ಯಾರು? ಅತ್ತೆ ಮಾವನ ಮುಂದೆ ಕೊಡಲಿ ತಂದಿಟ್ಟು, "ಇಷ್ಟು ದಿನ ಹೊಗೆ ತಿಂದಿದ್ದು ಸಾಕು" ಎಂದಿದ್ದಳು. ಮಾವ ಕವಳ ಉಗಿದು ಬಂದು ಕಟ್ಟಿಗೆ ಸೀಳಲು ಕೂತದ್ದನ್ನು ನೋಡಿದ ದಿನ ನಮಗೆ ಎಂಥದೋ ಒಂದು ಧೈರ್ಯ ಬಂದಿತ್ತು. ಅಡುಗೆಮನೆಯ ಒಂದು ಭಾರ ಗಂಡಸಿನ ಕೈಗೆ ದಾಟಿದ್ದು ನಮ್ಮ ಕಣ್ಣೆದುರಿಗೆ ಅದೇ ಮೊದಲು.

ಕೆಳಗಿನ ಕೇರಿಗೆ ಒಲೆ ಕಟ್ಟಲು ಹೋದಾಗ ಮಾತ್ರ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಕಡೆ ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ತೋಟ ಇದ್ದವರಿಗೆ ಸೊಪ್ಪು, ದರಕು ಎಂಬ ಒಣ ಎಲೆ, ಕಟ್ಟಿಗೆ ಎಲ್ಲ ಅಲ್ಲಿಂದ. ತೋಟ ಇಲ್ಲದವರಿಗೆ? ಗೆಳತಿಯ ತಾಯಿ ನಮ್ಮ ಬೆಟ್ಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಮತ್ತಿಯ ಯಾವ ಟೊಂಗೆ ಕಡಿದರೆ ಮರ ಚಿಗುರುತ್ತದೆ, ತುದಿ ಯಾಕೆ ಮುಟ್ಟಬಾರದು, ನಂದಿ, ಕಿಂದಲ, ಹೊನ್ನೆಗಳಲ್ಲಿ ಯಾವುದನ್ನು ಆ ವರ್ಷ ಬಿಡಬೇಕು ಎಂಬುದು ಅವರಷ್ಟು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಚಹಾಕ್ಕೆ ಅವರು ಅಂಗಳದಲ್ಲೇ ಕೂರಬೇಕು, ಅವರ ಲೋಟ ಬೇರೆ. ಮಗಳು ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಲೆಕ್ಕ ಬಿಡಿಸುವವಳು. ಮರಕ್ಕಾಗಿ ಅಷ್ಟು ದೂರ ನಡೆದ ಊರು ಈ ಅಂಗಳ ದಾಟಲು ಹಿಂದೆಮುಂದೆ ನೋಡುತ್ತಿತ್ತು.

ಆಮೇಲೆ 1987 ಬಂತು. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದ ಕಾಲ. ಕೊಳವೆಬಾವಿ ತೋಡಿಸಿ ಜನರಿಂದ ನೀರು ಸಾಬರೆಂದು ಕರೆಸಿಕೊಂಡ ಆ ಮನುಷ್ಯ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳನ್ನೂ ಕೊಟ್ಟರು. ಅವುಗಳಲ್ಲಿ ಶೇಕಡಾ 25 ಜಾಗ ಹೆಂಗಸರಿಗೆ ಮೀಸಲು. ಆ ವರ್ಷ ಜನವರಿಯಲ್ಲಿ ಚುನಾವಣೆ. ಯಾರನ್ನು ನಿಲ್ಲಿಸುವುದೆಂದು ನಮ್ಮ ಜಗಲಿಯಲ್ಲಿ ಗಂಡಸರು ಚರ್ಚೆ ಮಾಡುತ್ತಿದ್ದರೆ ಅತ್ತೆ ಒಳಗಿಂದ ಬಂದು, "ಆನೇ ನಿಲ್ತಿ, ಬಿಡಿ" ಎಂದಳು. ಕೆಳಗಿನ ಕೇರಿಯಿಂದ ಗೆಳತಿಯ ತಾಯಿ ನಿಂತರು. ಇಬ್ಬರೂ ಗೆದ್ದರು.

ಮೊದಲ ಸಭೆಗೆ ನಾವು ಮೂವರೂ ಹೋಗಿ ಕಿಟಕಿಯ ಹೊರಗೆ ನಿಂತಿದ್ದೆವು. ಗೆಳತಿಯ ತಾಯಿ ಬಾಗಿಲಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತರು. ಅತ್ತೆ ಸರಿದು ಜಾಗ ಬಿಟ್ಟಳು. ಗೆಳತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಬಿದ್ದಿತ್ತು. ರಸ್ತೆ, ಶಾಲೆಯ ಹಂಚು, ಬಾವಿಯ ಗಡಗಡೆ ಎಲ್ಲ ಮುಗಿದ ಮೇಲೆ ಅವರು ಎದ್ದು ನಿಂತು ಕೇಳಿದರು: "ಬೆಟ್ಟ ಒಡೇರದ್ದು, ಕಾಡು ಸರ್ಕಾರದ್ದು. ನಾವು ಕಟ್ಟಿಗೆ ಎಲ್ಲಿಂದ ತರೂದು?"

ಸಭೆ ಉತ್ತರ ಹುಡುಕಲು ಬಹಳ ದಿನ ತೆಗೆದುಕೊಂಡಿತು. ಕೊನೆಗೆ ಕೇರಿಯ ಹಿಂದಿನ ಬೋಳುಗುಡ್ಡವನ್ನು ಸಾಮಾಜಿಕ ಅರಣ್ಯಕ್ಕೆ ಬಿಡಿಸಿಕೊಂಡರು. ಆಗ ಎಲ್ಲೆಡೆ ಅಕೇಶಿಯಾದ ಭರಾಟೆ. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ ಎಂದು ಅದನ್ನೇ ಕೊಡುತ್ತಿದ್ದರು. ಗೆಳತಿಯ ತಾಯಿ ಒಪ್ಪಲಿಲ್ಲ. ದನ ತಿನ್ನದ, ಹಕ್ಕಿ ಕೂರದ ಮರ ತಗೊಂಡು ಏನು ಮಾಡುವುದು ಎಂಬುದು ಅವರ ವಾದ. ಗುಡ್ಡದ ಅಂಚಿಗೆ ಒಂದು ಸಾಲು ಮಾತ್ರ ಅಕೇಶಿಯಾ ಉರುವಲಿಗೆ, ಒಳಗೆಲ್ಲ ಹಲಸು, ಕಾಡುಮಾವು, ಮುರುಗಲು, ಉಪ್ಪಾಗೆ ಎಂದು ತೀರ್ಮಾನವಾಯಿತು. ಬೀಜ ಆರಿಸಿದ್ದು ಅವರು, ಸಸಿ ಮಾಡಿದ್ದು ನಾವು. ಅಡಿಕೆ ಹಾಳೆಯನ್ನು ಕೊಟ್ಟೆ ಮಾಡಿ ಮಣ್ಣು ತುಂಬುತ್ತಿದ್ದೆವು. ಪ್ಲಾಸ್ಟಿಕ್ಕು ಬೇಡವೆಂಬ ಹಟವೇನೂ ನಮಗಿರಲಿಲ್ಲ. ಹಾಳೆ ಮನೆಯಂಗಳದಲ್ಲೇ ಬಿದ್ದಿರುತ್ತಿತ್ತು, ನೆಟ್ಟ ಮೇಲೆ ಅದು ಅಲ್ಲೇ ಗೊಬ್ಬರವಾಗುತ್ತಿತ್ತು. ಆ ಜೂನಿನಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಇಡೀ ಕೇರಿ, ಅರ್ಧ ಊರು ಗುಡ್ಡದಲ್ಲಿತ್ತು. ಮಧ್ಯಾಹ್ನ ನಮ್ಮ ಮನೆಯಿಂದ ಬಂದ ಅನ್ನ, ತಂಬುಳಿ, ಮಾವಿನ ಮಿಡಿ ಉಪ್ಪಿನಕಾಯಿಯನ್ನು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು. ಅದಾದ ಮೇಲೆ ಗೆಳತಿಯ ತಾಯಿ ನಮ್ಮ ಮನೆಗೆ ಬಂದರೆ ಜಗಲಿಯಲ್ಲೇ ಕೂರುತ್ತಿದ್ದರು. ಬೇರೆ ಲೋಟವನ್ನು ಅತ್ತೆ ಅಟ್ಟಕ್ಕೆ ಎಸೆದಳು.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹತ್ತೊಂಬತ್ತರ ನಮಗೆ ಓಟು ಬಂತು. ಕೈಗಾ ಅಣುಸ್ಥಾವರ ಬೇಡವೆಂದು ಹೊನ್ನಾವರ ಕಡೆಯ ಡಾ. ಕುಸುಮಾ ಸೊರಬ ಊರೂರು ಸುತ್ತುತ್ತಿದ್ದ ದಿನಗಳು. ಎಂಬತ್ತೇಳು ವರ್ಷದ ಶಿವರಾಮ ಕಾರಂತರು ನಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ನಿಂತರು. ನಾವು ಮನೆಮನೆಗೆ ಕರಪತ್ರ ಹಂಚಿದೆವು. ಕಾರಂತರು ಸೋತರು, ಕೈಗಾ ಬಂತು. ಸೋಲಿನ ದಿನ ಅತ್ತೆಯ ಮಗಳು ಅತ್ತಳು. ಗೆಳತಿ ಅಳಲಿಲ್ಲ, ಅಮ್ಮನಿಗೆ ಓಟು ಹಾಕಿದವರೆಲ್ಲ ಇಲ್ಲೇ ಇದ್ದಾರಲ್ಲ ಎಂದಳು.

ಮಂಡಲ ಪಂಚಾಯತಿಗಳ ಅವಧಿ ಮುಗಿಯಿತು, ನಡುವೆ ಕೆಲ ವರ್ಷ ಏನೂ ಇರಲಿಲ್ಲ. 1993ರ ಹೊಸ ಕಾಯ್ದೆಯಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗವಾಯಿತು, ಮುಂದೆ ಅರ್ಧವಾಯಿತು. ನಾನು ಬೆಂಗಳೂರು ಸೇರಿದೆ, ಅತ್ತೆಯ ಮಗಳು ಕುಮಟೆಗೆ ಮದುವೆಯಾಗಿ ಹೋದಳು. ಗೆಳತಿ ಊರಲ್ಲೇ ಉಳಿದು, ಗ್ರಾಮ ಪಂಚಾಯತಿಗೆ ನಿಂತು ಗೆದ್ದಳು. ಅಸ್ತ್ರ ಒಲೆಯ ಜಾಗಕ್ಕೆ ಈಗ ಬಹಳ ಮನೆಗಳಲ್ಲಿ ಗ್ಯಾಸು ಬಂದಿದೆ. ಅದು ಒಳ್ಳೆಯದೇ, ಹೊಗೆ ಪೂರ್ತಿ ಹೋಯಿತು.

ಗುಡ್ಡದ ಹಲಸು ಫಲ ಕೊಡಲು ಶುರುವಾದಾಗ ಹರಾಜು ಹಾಕಿ ಪಂಚಾಯತಿಗೆ ಆದಾಯ ಮಾಡೋಣ ಎಂಬ ಮಾತು ಬಂತು. ಗೆಳತಿ ವಿರೋಧಿಸಿ ಠರಾವು ಬರೆಸಿದಳು: ಹಣ್ಣು, ಒಣಕಟ್ಟಿಗೆ, ಉಪ್ಪಾಗೆ ಸಿಪ್ಪೆ ಮೂರೂ ಮೊದಲು ತೋಟವಿಲ್ಲದ ಮನೆಗಳಿಗೆ, ಹಸಿ ಮರಕ್ಕೆ ಕೊಡಲಿ ಹಚ್ಚುವಂತಿಲ್ಲ. ಎಷ್ಟೋ ಅಧ್ಯಕ್ಷರು ಬಂದು ಹೋದರು. ಆ ಠರಾವನ್ನು ಇದುವರೆಗೆ ಯಾರೂ ತೆಗೆದಿಲ್ಲ.