ದುಭಾಷಿ ಬೇಕಾಗಿದ್ದಾನೆ

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಕಂಪ್ಯೂಟರನ್ನು ಕಂಡವರಲ್ಲ. ಆದರೂ ಹಳೆಯ ಕಂಪ್ಯೂಟರಿಗೆ ವೈಫೈ ಅಡಾಪ್ಟರನ್ನು ಜೋಡಿಸಹೊರಟ ಗೃಹಸ್ಥನ ಪಾಡನ್ನು ಇದಕ್ಕಿಂತ ಚೆನ್ನಾಗಿ ಬಣ್ಣಿಸುವ ಮಾತು ಮತ್ತೊಂದಿಲ್ಲ. ಅಡಾಪ್ಟರು ಕೆಲಸಮಾಡಲು ಡ್ರೈವರ್ ಬೇಕು. ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ಅಲ್ಲಿಗೆ ಹೋಗಲು ಅಡಾಪ್ಟರೇ ಬೇಕು!

ಈ ಡ್ರೈವರ್ ವಾಹನ ನಡೆಸುವವನಲ್ಲ, ದುಭಾಷಿ. ಹೆಬ್ಬೆರಳಿನ ಗಾತ್ರದ ಅಡಾಪ್ಟರು ಯು.ಎಸ್.ಬಿ. ಕಿಂಡಿಯಲ್ಲಿ ಕುಳಿತು ತನ್ನದೇ ಭಾಷೆಯಲ್ಲಿ ಮಾತನಾಡುತ್ತದೆ. ಅದನ್ನು ಕಂಪ್ಯೂಟರಿಗೆ ತಿಳಿಯಹೇಳುವ ತಂತ್ರಾಂಶವೇ ಡ್ರೈವರ್. 2009ರಲ್ಲಿ ಬಂದ ವಿಂಡೋಸ್ 7ರ ಆಸ್ಥಾನದಲ್ಲಿ, ಅನಂತರ ಹುಟ್ಟಿದ ಅಡಾಪ್ಟರುಗಳ ಭಾಷೆ ಬಲ್ಲವರು ಇರುವ ಸಂಭವ ಕಡಮೆ.

ದಾವಣಗೆರೆಯ ಗುಮಾಸ್ತರೊಬ್ಬರ ಮನೆಯಲ್ಲಿ ಇದೇ ತೊಡಕು ಬಂದೊದಗಿತು. ನಡುಮನೆಯಲ್ಲಿ ವೈಫೈ ಉಂಟು. ಒಳಕೋಣೆಯ ಹಳೆಯ ಕಂಪ್ಯೂಟರಿಗೆ ತಂತಿ ಎಳೆಯಲು ಅನುಕೂಲವಿಲ್ಲ. ಮಗಳು ಪಿ.ಯು.ಸಿ. ಪಾಠಗಳನ್ನು ತಾಯಿಯ ಫೋನಿನ ಅಂಗೈಯಗಲದ ತೆರೆಯಲ್ಲಿ ನೋಡಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದಳು. ಹೊಸ ಕಂಪ್ಯೂಟರನ್ನು ಕೊಳ್ಳುವುದೆಂದರೆ ಅವಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣಕ್ಕೇ ಕೈಹಾಕಬೇಕು. ಅಡಾಪ್ಟರೇನೋ ಬಂತು, ಜೊತೆಗೆ ಬಂದ ಸಿ.ಡಿ.ಯನ್ನು ಒಳಗೆ ಹಾಕೋಣವೆಂದರೆ ಕಂಪ್ಯೂಟರಿನ ಸಿ.ಡಿ. ಡ್ರೈವು ಬಾಯಿ ತೆರೆಯುವುದನ್ನು ಎಂದೋ ಬಿಟ್ಟಿತ್ತು.

"ಗುಜರಿಗೆ ಹಾಕುವುದೇ ಸರಿ" ಎಂದರು ಯಜಮಾನರು.

"ತಾಳಿ ಸಾರ್, ಯಂತ್ರ ಕೆಟ್ಟಿಲ್ಲ" ಎಂದ ಪಕ್ಕದ ಮನೆಯ ಡಿಪ್ಲೊಮಾ ವಿದ್ಯಾರ್ಥಿ.

ಅವನು ಪೆಟ್ಟಿಗೆಯ ಮೇಲಿನ ಹೆಸರನ್ನಷ್ಟೇ ನಂಬಲಿಲ್ಲ. ಒಂದೇ ಹೆಸರಿನ ಅಡಾಪ್ಟರಿನಲ್ಲಿ ಆವೃತ್ತಿ ಬದಲಾದಂತೆ ಒಳಗಿನ ಚಿಪ್ಪೂ ಬದಲಾಗುವುದುಂಟು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಹೊತ್ತು ನಿಂತಿದ್ದ ಸಾಲನ್ನು ಬಿಡಿಸಿ, ವಿ.ಐ.ಡಿ., ಪಿ.ಐ.ಡಿ. ಎಂಬ ಎರಡು ಸಂಕೇತಗಳನ್ನು ಬರೆದುಕೊಂಡ. ತಲಾ ನಾಲ್ಕು ಅಂಕೆ ಅಕ್ಷರಗಳ ಇವು ತಯಾರಕರು ಯಾರು, ವಸ್ತು ಯಾವುದು ಎಂಬ ಕುಲಗೋತ್ರವನ್ನು ತಿಳಿಸುತ್ತವೆ. ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ನೋಡಿದ. ಡ್ರೈವರ್ ಕೊಡುತ್ತೇವೆಂದು ಕೂಗಿ ಕರೆಯುವ ಅಪರಿಚಿತ ತಾಣಗಳತ್ತ ಸುಳಿಯದೆ, ತಯಾರಕರ ತಾಣದಿಂದಲೇ ತಕ್ಕುದನ್ನು ತಾಯಿಯ ಫೋನಿಗೆ ಇಳಿಸಿಕೊಂಡು, ಕೇಬಲಿನ ಮೂಲಕ ಕಂಪ್ಯೂಟರಿಗೆ ದಾಟಿಸಿದ. ಅರ್ಧ ಗಂಟೆಯೊಳಗೆ ಭೌತಶಾಸ್ತ್ರದ ಪಾಠ ದೊಡ್ಡ ತೆರೆಯ ಮೇಲೆ ಮೂಡಿತು.

ಹೊರಡುವಾಗ ಅವನು ಒಂದು ಎಚ್ಚರಿಕೆಯನ್ನೂ ಹೇಳಿದ. ಸಾಮಾನ್ಯ ಬಳಕೆದಾರರ ವಿಂಡೋಸ್ 7ಕ್ಕೆ ರಕ್ಷಣೆಯ ಪರಿಷ್ಕರಣೆಗಳು 2020ರ ಜನವರಿ 14ಕ್ಕೇ ನಿಂತುಹೋಗಿವೆ. ಪಾಠಕ್ಕೆ ಆದೀತು, ಬ್ಯಾಂಕಿನ ವ್ಯವಹಾರ ಮಾತ್ರ ಇದರಲ್ಲಿ ಕೂಡದು.

ಹಳೆಯ ವಸ್ತುವನ್ನು ಹೊರಕ್ಕೆ ಹಾಕುವ ಮುನ್ನ, ಅದು ಕೆಟ್ಟಿದೆಯೋ ಇಲ್ಲವೇ ಮಾತು ತಿಳಿಯದೆ ಸುಮ್ಮನಿದೆಯೋ ಎಂದು ವಿಚಾರಿಸುವುದು ವಿವೇಕ. ಹಾಗೆ ವಿಚಾರಿಸಿದ್ದರಿಂದಲೇ ಆ ಮನೆಯಲ್ಲಿ ಮಗಳ ಶುಲ್ಕದ ಹಣ ಮುಟ್ಟದೆ ಉಳಿಯಿತು.